ದಿನಾ ಬೆಳಗ್ಗೆ ಶೀತ, ಪೇಟೆಗೆ ಹೋಗಿ ಬಂದರೆ ವಾಸಿ. ತಮ್ಮನಿಗೆ ಏನಾಗಿದೆ?

ತಿಪಟೂರಕ್ಕ:
ನಾನು ಮದುವೆಯಾಗಿ ಬೆಂಗಳೂರಿನಲ್ಲಿದ್ದೇನೆ. ತಿಪಟೂರಿನ ಹತ್ತಿರ ಊರಲ್ಲಿ ಅಮ್ಮ ಮತ್ತು ತಮ್ಮ, ಇಬ್ಬರೇ. ಅವನಿಗೆ 23. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ತೋಟ ನೋಡಿಕೊಳ್ಳುತ್ತಾನೆ.

ಅಪ್ಪನ ತಿಥಿಗೆ ಹೋದವಳು ಹತ್ತು ದಿನ ಇದ್ದೆ. ಅವನಿಗೆ ದಿನಾ ಬೆಳಗ್ಗೆ ಶೀತ. ಮೂಗು ಸೋರುತ್ತದೆ, ಕಣ್ಣಲ್ಲಿ ನೀರು, ಒಂದರ ಹಿಂದೆ ಒಂದು ಆಕಳಿಕೆ, ಕೈ ಮೇಲೆಲ್ಲ ರೋಮ ಎದ್ದಿರುತ್ತದೆ. ಅಮ್ಮ ಮೆಣಸಿನ ಕಷಾಯ ಕೊಡುತ್ತಾರೆ. ಅವನು ಅರ್ಧ ಲೋಟ ಬಿಟ್ಟು, "ಕೊಬ್ಬರಿ ರೇಟ್ ಕೇಳ್ಕೊಂಡು ಬರ್ತೀನಿ" ಅಂತ ಗಾಡಿ ತೆಗೆಯುತ್ತಾನೆ. ಹರಾಜು ಇಲ್ಲದ ದಿನವೂ ರೇಟ್ ಕೇಳೋಕೆ ಹೋಗುತ್ತಾನೆ! ಒಂದು ಗಂಟೆ ಬಿಟ್ಟು ಬಂದರೆ ಶೀತದ ಸುಳಿವೇ ಇಲ್ಲ. "ನೋಡು, ಕಷಾಯ ಹಿಡೀತು" ಅಂತಾರೆ ಅಮ್ಮ.

ಆಮೇಲೆ ಜಗಲಿ ಮೇಲೆ ಕೂತು ಮೂಗು ಕೆರೆದುಕೊಳ್ಳುತ್ತಾ ತೂಕಡಿಸುತ್ತಾನೆ. ಮಾತಿನ ಮಧ್ಯೆಯೇ ತಲೆ ಬಾಗಿಬಿಡುತ್ತದೆ. ಏಪ್ರಿಲ್ ಸೆಕೆಯಲ್ಲೂ ತುಂಬು ತೋಳಿನ ಶರ್ಟು. ಮೂರು ಚೀಲ ಕೊಬ್ಬರಿ ಮಾರಿದ ದುಡ್ಡಿಗೆ ಲೆಕ್ಕವಿಲ್ಲ. ಗಾಂಜಾ ಇರಬಹುದು ಅಂದುಕೊಂಡೆ, ಆದರೆ ವಾಸನೆಯೂ ಇಲ್ಲ, ಕಣ್ಣೂ ಕೆಂಪಿಲ್ಲ. ಕೊನೆಗೆ ಗಾಡಿ ಡಿಕ್ಕಿ ತೆಗೆದು ನೋಡಿದೆ. ಖಾಲಿ ಮಾತ್ರೆ ಸ್ಟ್ರಿಪ್ಪುಗಳು, ಒಂದು ಸಿರಿಂಜ್. ದನಕ್ಕೆ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ದನ ಮಾರಿ ಎರಡು ವರ್ಷವಾಯಿತು ಅಂತ ನೆನಪಾಗಿದ್ದು ರಾತ್ರಿ ಮಲಗಿದ ಮೇಲೆ.

ಹೇಗೆ ಕೇಳಲಿ? ಚಿಕ್ಕಪ್ಪ, ಮದುವೆ ಮಾಡಿಬಿಡಿ ಎನ್ನುತ್ತಾರೆ.

ನೈಟ್‌ಡ್ಯೂಟಿ:
ಮೇಡಂ, ನಾನು ಸ್ಟಾಫ್ ನರ್ಸ್. ನಿಜವಾದ ಶೀತ ಒಂದು ಗಂಟೆಯಲ್ಲಿ ಬಿಡುವುದಿಲ್ಲ. ಸ್ಟ್ರಿಪ್ ಮೇಲೆ ಏನು ಬರೆದಿದೆ ನೋಡಿ. ಟ್ಯಾಪೆಂಟಡಾಲ್, ಟ್ರಮಡಾಲ್ ಅಂತ ಇದ್ದರೆ ಅವು ಮಾರ್ಫಿನ್ ಥರವೇ ಕೆಲಸ ಮಾಡುವ ನೋವಿನ ಮಾತ್ರೆಗಳು. ಅದರ ಪ್ರಭಾವ ಇಳಿಯುತ್ತಾ ಬಂದಾಗ ಆಕಳಿಕೆ, ಮೂಗು ಸೋರುವುದು, ಭೇದಿ. ಏರಿದಾಗ ತೂಕಡಿಕೆ, ತುರಿಕೆ. ಮೋಷನ್ ಸರಿಯಾಗಿ ಆಗುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ನಿಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ. ಅವನದು ರಾಗಿ ಕಾಳಿನಷ್ಟೇ ಇದೆಯಾ ನೋಡಿ.

ಇಷ್ಟರಿಂದಲೇ ತೀರ್ಮಾನ ಬೇಡ, ಡಾಕ್ಟರ್ ನೋಡಬೇಕು. ಅಂಗಡಿಯ ಯೂರಿನ್ ಕಿಟ್ ನಂಬಿ ಕೂರಬೇಡಿ, ಅದು ಎಲ್ಲಾ ಮಾತ್ರೆಗಳನ್ನೂ ಹಿಡಿಯುವುದಿಲ್ಲ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಮೊದಲು ನೀವೇ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ.

ಗಟ್ಟಿಮಾತು:
ರೂಮಿಗೆ ಹಾಕಿ ಬೀಗ ಜಡಿಯಿರಿ. ಎಂಟು ದಿನ ಒದ್ದಾಡುತ್ತಾನೆ, ತಾನೇ ಸರಿಹೋಗುತ್ತಾನೆ.

ಮತ್ತೆಕೆಲಸಕ್ಕೆ:
ಗಟ್ಟಿಮಾತು ಅವರೇ, ನಮ್ಮಣ್ಣ ನನಗೆ ಇದನ್ನೇ ಮಾಡಿದ. ಎಂಟು ದಿನ ವಾಂತಿ, ಭೇದಿ, ಕಾಲು ಸೆಳೆತ. ಒಂಬತ್ತನೇ ದಿನ ಬಾಗಿಲು ತೆಗೆದ. ಸಂಜೆ ನಾನು ಹಳೆ ಲೆಕ್ಕದಲ್ಲೇ ತಗೊಂಡೆ. ಮೈಗೆ ಅಷ್ಟನ್ನು ತಡೆಯುವ ಅಭ್ಯಾಸ ತಪ್ಪಿಹೋಗಿತ್ತು. ಕಣ್ಣು ಬಿಟ್ಟಿದ್ದು ಐಸಿಯುನಲ್ಲಿ.

ಈಗ ಈ ಚಟ ಬಿಡಿಸೋಕೆ ಡಾಕ್ಟರ್ ಕೊಡುವ, ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆಯಲ್ಲಿ ಮೂರು ವರ್ಷವಾಯಿತು. "ಒಂದು ಬಿಟ್ಟು ಇನ್ನೊಂದು ಹಿಡಿದ" ಎನ್ನುವವರು ಇದ್ದೇ ಇದ್ದಾರೆ. ನಾನು ಬೆಳಗ್ಗೆ ಕೆಲಸಕ್ಕೆ ಹೋಗುತ್ತೇನೆ, ಸಂಬಳ ಮನೆಗೆ ಬರುತ್ತದೆ.

ಅಕ್ಕಾ, ಶೀತ ಇರುವಾಗ ಕೇಳಬೇಡಿ, ತಪ್ಪಿಸಿಕೊಂಡು ಹೋಗೋಕೆ ಏನು ಬೇಕಾದರೂ ಹೇಳುತ್ತಾನೆ. ತೂಕಡಿಸುವಾಗಲೂ ಬೇಡ. ಚಿಕ್ಕಪ್ಪನ ಎದುರಂತೂ ಬೇಡವೇ ಬೇಡ. ನಮ್ಮತ್ತಿಗೆ ಕಾಫಿ ಕೊಟ್ಟು, "ಕೈ ನೋಯುತ್ತಾ?" ಅಂತ ಅಷ್ಟೇ ಕೇಳಿದ್ದರು. ಒಪ್ಪಿಕೊಂಡರೆ ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರುತ್ತಾನೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತುಗಳ ಕಾನೂನು) 64ಎ ಅಂತ ಒಂದು ಕಲಂ ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿದ್ದು, ತಾನಾಗಿ ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆಗೆ ಸೇರುವ ವ್ಯಸನಿಗೆ ಅದು ರಕ್ಷಣೆ ಕೊಡುತ್ತದೆ. ಅದನ್ನು ಹೇಳಿ.

ತಿಪಟೂರಕ್ಕ:
ಭಾನುವಾರ ಹೋಗಿದ್ದೆ. ಸ್ಟ್ರಿಪ್ ಟ್ಯಾಪೆಂಟಡಾಲೇ. ತೋಟದಲ್ಲಿ ಇಬ್ಬರೇ ಇದ್ದಾಗ ಕೈ ನೋಯುತ್ತಾ ಅಂತ ಕೇಳಿದೆ. ಶರ್ಟಿನ ತೋಳನ್ನು ಇನ್ನೂ ಕೆಳಕ್ಕೆ ಎಳೆದುಕೊಂಡ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ "ಅಮ್ಮಂಗೆ ಹೇಳ್ಬೇಡ" ಅಂದ.

ಅಮ್ಮನಿಗೆ ಗೊತ್ತಿತ್ತು. ಹೆಸರು ಗೊತ್ತಿಲ್ಲ, ಅಷ್ಟೇ. ಕಷಾಯದ ಲೋಟದ ಜೊತೆ ದಿನಾ 200 ರೂಪಾಯಿ ಇಡುತ್ತಿದ್ದರಂತೆ. ಕೊಡದ ದಿನ ಅವನು ನರಳುವುದು ನೋಡೋಕಾಗಲ್ಲ ಅಂತಾರೆ. ಕಿವಿಯ ಓಲೆ ಎಲ್ಲಿ ಅಂತ ನಾನು ಕೇಳಲಿಲ್ಲ.

ಗುರುವಾರ ಬೆಳಗಿನ ರೈಲಿಗೆ ಕರೆದುಕೊಂಡು ಬರುತ್ತೇನೆ. "ಆಸ್ಪತ್ರೆಯಲ್ಲಿ ನಂಬರ್ ಬರೋವರೆಗೆ ತಡ್ಕೊಳೋಕಾಗುತ್ತಾ?" ಅಂತ ಅವನಿಗೇ ಭಯ. ಏನು ಹೇಳಲಿ?

ನೈಟ್‌ಡ್ಯೂಟಿ:
ಬೈಯಬೇಡಿ, ಆಣೆ ಪ್ರಮಾಣ ಮಾಡಿಸಬೇಡಿ. ಕೊನೆಯ ಸಲ ಎಷ್ಟು ಗಂಟೆಗೆ, ಎಷ್ಟು ತಗೊಂಡ ಅಂತ ಬರೆದಿಟ್ಟುಕೊಳ್ಳಿ. ನಾಲಿಗೆ ಕೆಳಗಿನ ಮಾತ್ರೆಯನ್ನು ಯಾವಾಗ ಶುರು ಮಾಡಬೇಕು ಎನ್ನುವುದಕ್ಕೆ ಡಾಕ್ಟರ್‌ಗೆ ಮೊದಲು ಬೇಕಾಗುವುದು ಅದೇ. ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿಸುತ್ತಾರೆ. ಸ್ಟ್ರಿಪ್ ಎಸೆಯಬೇಡಿ, ಜೊತೆಗೆ ತನ್ನಿ. ಆಧಾರ್ ಕಾರ್ಡೂ.