ಮೈಯೊಳಗಿನ ಸೂಕ್ಷ್ಮಜೀವಿನಿರೋಧಕ ಪೆಪ್ಟೈಡ್‌ಗಳಿಗೆ ಬ್ಯಾಕ್ಟೀರಿಯಾಗಳು ಏಕೆ ಒಗ್ಗಿಕೊಂಡಿಲ್ಲ?

ಪ್ರಶ್ನೆ: ವಿಜ್ಞಾನ ಶಿಕ್ಷಕ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ರೋಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಆ್ಯಂಟಿಬಯೋಟಿಕ್‌ಗಳಿಗೆ ಬ್ಯಾಕ್ಟೀರಿಯಾಗಳು ಜಗ್ಗದಂತಾಗುವುದು ಹೇಗೆ ಎಂದು ಹತ್ತನೆಯ ತರಗತಿಯಲ್ಲಿ ವಿವರಿಸುವಾಗ, ನಮ್ಮ ಚರ್ಮ, ಬಾಯಿ, ಕರುಳು ಮತ್ತು ಬಿಳಿ ರಕ್ತಕಣಗಳು ಕೂಡ ಸೂಕ್ಷ್ಮಜೀವಿಗಳನ್ನು ಕೊಲ್ಲುವ, ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳಾದ ಸಣ್ಣ ಪೆಪ್ಟೈಡ್‌ಗಳನ್ನು ತಯಾರಿಸುತ್ತವೆ ಎಂದು ಹೇಳಿದೆ. ಆಗ ವಿದ್ಯಾರ್ಥಿನಿಯೊಬ್ಬಳು, ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಅರಗಿಸಿಕೊಂಡ ಬ್ಯಾಕ್ಟೀರಿಯಾಗಳು, ಕೋಟ್ಯಂತರ ವರ್ಷಗಳಿಂದ ಪ್ರಾಣಿಗಳ ಮೈಯಲ್ಲಿರುವ ಈ ಪೆಪ್ಟೈಡ್‌ಗಳನ್ನು ಇನ್ನೂ ಏಕೆ ಗೆದ್ದಿಲ್ಲ ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಅದರ ಜೊತೆಗೆ ನನ್ನದೂ ಒಂದು ಪ್ರಶ್ನೆಯಿದೆ. ಇಂಥ ಅಸ್ತ್ರ ಮೈಯಲ್ಲಿಯೇ ಇರುವಾಗ ಅದನ್ನು ಔಷಧವನ್ನಾಗಿ ಮಾಡಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚಲು ಏಕೆ ಸಾಧ್ಯವಾಗಿಲ್ಲ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1: ಸೂಕ್ಷ್ಮಜೀವಿಶಾಸ್ತ್ರದ ಉಪನ್ಯಾಸಕಿ, ಧಾರವಾಡ

ಸರ್, ಈ ಪ್ರಶ್ನೆಯನ್ನು ಎಂ.ಎಸ್ಸಿ. ತರಗತಿಯಲ್ಲಿ ಕೇಳಿದರೂ ಸಲ್ಲುತ್ತದೆ. ಮೊದಲು ಪೆನಿಸಿಲಿನ್ ಕೆಲಸ ಮಾಡುವ ಬಗೆಯನ್ನು ನೋಡೋಣ. ಅದು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕಟ್ಟುವ ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಪೆನಿಸಿಲಿನ್ನನ್ನೇ ತುಂಡರಿಸುವ ಒಂದು ಕಿಣ್ವ ದೊರೆತರೆ ಬ್ಯಾಕ್ಟೀರಿಯಾ ಪಾರಾಗುತ್ತದೆ. ಪೆಪ್ಟೈಡ್‌ಗಳು ಹೆಚ್ಚಾಗಿ ಗುರಿಯಿಡುವುದು ಕೋಶಪೊರೆಯ ಮೇಲೆ. ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿರುವ ಡಿಫೆನ್ಸಿನ್ ಎಂಬ ಪೆಪ್ಟೈಡ್‌ಗಳು ಸುಮಾರು 30 ಅಮೈನೋ ಆಮ್ಲಗಳಷ್ಟೇ ಉದ್ದವಿದ್ದು, ಮೂರು ಗಂಧಕದ ಬಂಧಗಳಿಂದ ಬಿಗಿಯಾಗಿರುತ್ತವೆ. ಕ್ಯಾಥೆಲಿಸಿಡಿನ್ ಎಂಬ ಇನ್ನೊಂದು ಗುಂಪಿನ ಪೆಪ್ಟೈಡ್‌ಗಳಲ್ಲಿ ಮನುಷ್ಯರಲ್ಲಿರುವ ಏಕೈಕ ಪೆಪ್ಟೈಡ್ ಆದ ಎಲ್‌ಎಲ್-37ರಲ್ಲಿ 37 ಅಮೈನೋ ಆಮ್ಲಗಳಿವೆ. ಇವೆರಡಕ್ಕೂ ಧನಾವೇಶವಿದೆ. ಬ್ಯಾಕ್ಟೀರಿಯಾದ ಪೊರೆಯ ಹೊರಮೈ ಋಣಾವೇಶದ ಕೊಬ್ಬಿನಂಶಗಳಿಂದ ತುಂಬಿರುತ್ತದೆ. ನಮ್ಮ ಕೋಶಗಳ ಹೊರಮೈಯಲ್ಲಾದರೋ ಆವೇಶವಿಲ್ಲದ ಕೊಬ್ಬು ಮತ್ತು ಕೊಲೆಸ್ಟೆರಾಲ್ ಇರುತ್ತವೆ. ಈ ಕಾರಣದಿಂದ ಪೆಪ್ಟೈಡ್ ಬ್ಯಾಕ್ಟೀರಿಯಾಕ್ಕೆ ಹೋಗಿ ಅಂಟಿಕೊಂಡು, ಪೊರೆಯೊಳಗೆ ತೂರಿ ರಂಧ್ರ ಮಾಡುತ್ತದೆ; ನಮ್ಮ ಕೋಶವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾ ತನ್ನ ಪೊರೆಯ ಸ್ವಭಾವವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಉಸಿರಾಟ, ಆಹಾರದ ಸಾಗಣೆ, ಕೋಶವಿಭಜನೆ ಎಲ್ಲವೂ ಆ ಪೊರೆಯನ್ನೇ ಆಧರಿಸಿರುವುದರಿಂದ ಅದು ಸಣ್ಣ ಬೆಲೆಯಲ್ಲ.

ಆದರೆ "ಒಗ್ಗಿಕೊಂಡಿಲ್ಲ" ಎಂಬ ಮಾತು ಪೂರ್ತಿ ಸರಿಯಲ್ಲ ಎಂದು ಮಕ್ಕಳಿಗೆ ಹೇಳಲೇಬೇಕು. ಸ್ಟ್ಯಾಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ತನ್ನ ಪೊರೆಯ ಕೊಬ್ಬಿಗೆ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಅಂಟಿಸಿ ಋಣಾವೇಶವನ್ನು ತಗ್ಗಿಸಿಕೊಳ್ಳುತ್ತದೆ. ಸಾಲ್ಮೊನೆಲ್ಲಾ ಪೆಪ್ಟೈಡ್‌ನ ಇರುವಿಕೆಯನ್ನು ಗ್ರಹಿಸಿ, ಕೂಡಲೇ ಹೊರಪೊರೆಯನ್ನು ಮಾರ್ಪಡಿಸುತ್ತದೆ. ಪೆಪ್ಟೈಡ್‌ಗಳನ್ನು ಕತ್ತರಿಸುವ ಕಿಣ್ವಗಳನ್ನು ಹೊರಬಿಡುವ ಬ್ಯಾಕ್ಟೀರಿಯಾಗಳೂ ಇವೆ. ಇಷ್ಟಾದರೂ ಅವು ಪೂರ್ತಿ ಗೆಲ್ಲದಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ದೇಹ ಇವುಗಳನ್ನು ಬಳಸುವ ರೀತಿ. ದೇಹವು ಒಂದೇ ಪೆಪ್ಟೈಡನ್ನು ಎಲ್ಲೆಡೆ, ಎಲ್ಲ ಕಾಲಕ್ಕೂ ಸುರಿಯುವುದಿಲ್ಲ. ಸಣ್ಣ ಕರುಳಿನ ಪ್ಯಾನೆತ್ ಕೋಶಗಳ ಡಿಫೆನ್ಸಿನ್ ಬೇರೆ, ಚರ್ಮದ ಡಿಫೆನ್ಸಿನ್ ಬೇರೆ, ಬೆವರಿನ ಡರ್ಮ್‌ಸಿಡಿನ್ ಬೇರೆ, ಜೊಲ್ಲಿನ ಹಿಸ್ಟಾಟಿನ್ ಬೇರೆ. ಹಲವು ಪೆಪ್ಟೈಡ್‌ಗಳು ಒಟ್ಟಿಗೆ, ಬೇಕಾದಲ್ಲಿ ಮಾತ್ರ, ಅಲ್ಪಕಾಲ ಕೆಲಸ ಮಾಡಿ ಮರೆಯಾಗುತ್ತವೆ. ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿದಾಗ ಡಿಫೆನ್ಸಿನ್‌ಗಳು ಬಹಳ ದಟ್ಟವಾಗಿ ಅದರ ಮೇಲೆ ಬೀಳುವುದರಿಂದ, ಅಲ್ಲಿ ಸ್ವಲ್ಪಮಟ್ಟಿನ ಪ್ರತಿರೋಧ ಏನೇನೂ ಸಾಲುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್. ಅದೂ ಪೊರೆಯನ್ನೇ ಒಡೆಯುವ ಪೆಪ್ಟೈಡ್. ಅದನ್ನು ತಯಾರಿಸುವುದು ಮಣ್ಣಿನ ಒಂದು ಬ್ಯಾಕ್ಟೀರಿಯಾ. ಅದನ್ನು ಜಗತ್ತಿನ ಹಲವೆಡೆ ಹಂದಿ, ಕೋಳಿಗಳ ಮೇವಿನಲ್ಲಿ ಬೆರೆಸಿ ಕೊಟ್ಟ ಮೇಲೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಎಂಸಿಆರ್-1 ಎಂಬ ಪ್ರತಿರೋಧದ ಜೀನ್ ಇರುವುದು 2015ರಲ್ಲಿ ಚೀನಾದಿಂದ ವರದಿಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಪೆಪ್ಟೈಡ್ ಆಗಿದ್ದ ಮಾತ್ರಕ್ಕೆ ಪ್ರತಿರೋಧದಿಂದ ರಕ್ಷಣೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಉತ್ತರ 2: ಚರ್ಮರೋಗ ವೈದ್ಯ, ಹುಬ್ಬಳ್ಳಿ

ಮೇಡಂ ಅವರ ವಿವರಣೆಯನ್ನು ಒಪ್ಪುತ್ತಾ, ಮಾಸ್ತರರ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಆಫ್ರಿಕಾದ ಒಂದು ಜಾತಿಯ ಕಪ್ಪೆಯ ಚರ್ಮದಲ್ಲಿ ಮೈಕೆಲ್ ಝಾಸ್ಲಾಫ್ ಅವರು 1987ರಲ್ಲಿ ಮಾಗೈನಿನ್ ಎಂಬ ಪೆಪ್ಟೈಡ್‌ಗಳನ್ನು ಗುರುತಿಸಿದರು. ಅದರ ಮಾದರಿಯಲ್ಲಿ ಪೆಕ್ಸಿಗನಾನ್ ಎಂಬ ಮುಲಾಮನ್ನು ತಯಾರಿಸಿ, ನೀವು ಕೇಳಿದ ಕಾಯಿಲೆಗೇ, ಅಂದರೆ ಮಧುಮೇಹಿಗಳ ಸೋಂಕು ತಗುಲಿದ ಕಾಲಿನ ಹುಣ್ಣಿಗೇ, ಪ್ರಯೋಗಿಸಲಾಯಿತು. ನುಂಗಲು ಕೊಡುವ ಓಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಗಿಂತ ಅದು ಮೇಲು ಎಂದು ಸಿದ್ಧವಾಗಲಿಲ್ಲ, 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಡಲಿಲ್ಲ. ಮುಂದೆ ನಡೆದ ದೊಡ್ಡ ಪ್ರಯೋಗಗಳೂ ಕೈಹಿಡಿಯಲಿಲ್ಲ. ಕೀವು ತುಂಬಿದ ಹುಣ್ಣಿನಲ್ಲಿ ಪೆಪ್ಟೈಡ್‌ಗಳನ್ನು ಕತ್ತರಿಸುವ ಕಿಣ್ವಗಳು ಹೇರಳವಾಗಿರುತ್ತವೆ. ಉಪ್ಪಿನಂಶ ಹೆಚ್ಚಿದ್ದಲ್ಲಿ ಹಲವು ಪೆಪ್ಟೈಡ್‌ಗಳ ಬಲ ಕುಗ್ಗುತ್ತದೆ. ಇನ್ನು ಮಧುಮೇಹಿಯ ಕಾಲಿನಲ್ಲಿ ಸೋಂಕು ಸಮಸ್ಯೆಯ ಒಂದು ಭಾಗ ಮಾತ್ರ. ರಕ್ತ ಸಂಚಾರ ಕುಂಠಿತವಾಗಿ, ಸ್ಪರ್ಶಜ್ಞಾನ ಹೋಗಿರುವ ಪಾದದ ಮೇಲಿನ ಭಾರ ತಪ್ಪದೆ ಯಾವ ಮುಲಾಮೂ ಹುಣ್ಣನ್ನು ಮಾಯಿಸುವುದಿಲ್ಲ. ಹೊಲದ ಕೆಲಸ ಬಿಡಲಾಗದ ರೈತರಿಗೆ ಇದನ್ನು ಮನದಟ್ಟು ಮಾಡುವುದು ಔಷಧ ಬರೆದುಕೊಡುವುದಕ್ಕಿಂತ ಕಷ್ಟ.

ಈ ಪೆಪ್ಟೈಡ್‌ಗಳನ್ನು ಬರೀ ಕೊಲೆಗಾರರು ಎಂದು ಕಲಿಸಿದರೆ ಅರ್ಧ ಸತ್ಯವನ್ನಷ್ಟೇ ಕಲಿಸಿದಂತಾಗುತ್ತದೆ. ಅವು ರೋಗನಿರೋಧಕ ಕೋಶಗಳನ್ನು ಕರೆಯುತ್ತವೆ, ಉರಿಯೂತವನ್ನು ಏರಿಸುತ್ತವೆ, ಕೆಲವೊಮ್ಮೆ ಇಳಿಸುತ್ತವೆ, ಗಾಯ ಮಾಯಲು ನೆರವಾಗುತ್ತವೆ. ಸೋರಿಯಾಸಿಸ್ ಇರುವವರ ಚರ್ಮ ಬಿರುಕು ಬಿಟ್ಟು ಹೊಟ್ಟೇಳುತ್ತಿದ್ದರೂ ಅದರಲ್ಲಿ ಸೋಂಕು ಅಪರೂಪ, ಏಕೆಂದರೆ ಅಲ್ಲಿ ಪೆಪ್ಟೈಡ್‌ಗಳು ವಿಪರೀತವಾಗಿರುತ್ತವೆ. ಮನುಷ್ಯರ ಬೀಟಾ ಡಿಫೆನ್ಸಿನ್-2 ಎಂಬುದು 1997ರಲ್ಲಿ ಮೊದಲು ಸಿಕ್ಕಿದ್ದೇ ಸೋರಿಯಾಸಿಸ್ ರೋಗಿಗಳ ಚರ್ಮದ ಹೊಟ್ಟಿನಲ್ಲಿ. ಅಟೋಪಿಕ್ ಡರ್ಮಟೈಟಿಸ್ ಎಂಬ ತುರಿಕೆಯ ಕಾಯಿಲೆಯಲ್ಲಿ, ಸೋರಿಯಾಸಿಸ್‌ಗೆ ಹೋಲಿಸಿದರೆ ಇವು ಕಡಿಮೆ ಎಂಬುದು 2002ರಲ್ಲಿ ಪ್ರಕಟವಾಯಿತು. ಆ ಚರ್ಮದಲ್ಲಿ ಸ್ಟ್ಯಾಫೈಲೋಕಾಕಸ್ ಮತ್ತೆ ಮತ್ತೆ ಬೀಡು ಬಿಡುವುದನ್ನು ನಾವು ದಿನವೂ ನೋಡುತ್ತೇವೆ. ಹಾಗೆಂದು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬಾರದು. ಸೋರಿಯಾಸಿಸ್‌ನಲ್ಲಿ ಎಲ್‌ಎಲ್-37 ನಮ್ಮದೇ ಸತ್ತ ಕೋಶಗಳ ಡಿಎನ್‌ಎಗೆ ಅಂಟಿಕೊಂಡು, ಅದು ವೈರಸ್ಸಿನದೆಂಬಂತೆ ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ ಎಂದು 2007ರಲ್ಲಿ ತೋರಿಸಲಾಯಿತು. ಮುಖ ಕೆಂಪಾಗುವ ರೊಸೇಷಿಯಾ ಕಾಯಿಲೆಯಲ್ಲಿಯೂ ಇದೇ ಪೆಪ್ಟೈಡ್ ಅತಿಯಾಗಿ, ವಿಕೃತ ತುಂಡುಗಳಾಗಿ ಕಂಡುಬರುತ್ತದೆ.

ಉತ್ತರ 3: ರೇಷ್ಮೆ ಬೆಳೆಗಾರ, ಹಾವೇರಿ ಜಿಲ್ಲೆ

ನಾನು ವಿಜ್ಞಾನದ ಪದವೀಧರನಾದರೂ ಈಗ ಹುಳುಮನೆ ನೋಡಿಕೊಳ್ಳುತ್ತಿರುವ ಕಾರಣ ಒಂದು ಸಂಗತಿಯನ್ನು ಸೇರಿಸುತ್ತೇನೆ. ಕೀಟಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ, ಆದ್ದರಿಂದ ಅವು ಇಂಥ ಪೆಪ್ಟೈಡ್‌ಗಳನ್ನು ಬಹಳ ನೆಚ್ಚಿಕೊಂಡಿವೆ. ಸ್ವೀಡನ್ನಿನ ಹ್ಯಾನ್ಸ್ ಬೋಮನ್ ಅವರ ತಂಡ ಕಾಡು ರೇಷ್ಮೆ ಜಾತಿಯ ಪತಂಗವೊಂದರ ಪ್ಯೂಪಾಗಳಿಗೆ (ಹುಳು ಪತಂಗವಾಗುವ ಮುಂಚಿನ ಹಂತ) ಬ್ಯಾಕ್ಟೀರಿಯಾ ಚುಚ್ಚಿ, ಅದರ ರಸದಲ್ಲಿ ಹುಟ್ಟಿದ ಸೆಕ್ರೋಪಿನ್ ಎಂಬ ಪೆಪ್ಟೈಡ್‌ಗಳನ್ನು 1981ರಲ್ಲಿ ವಿವರಿಸಿತು. ನಮ್ಮ ರೇಷ್ಮೆ ಹುಳುವಿನಲ್ಲಿಯೂ ಸೆಕ್ರೋಪಿನ್ ಇದೆ. ಆದರೂ ಸೆಕೆ ಹೆಚ್ಚಾಗಿ ಸೊಪ್ಪು ಕೆಟ್ಟರೆ ಸಪ್ಪೆ ರೋಗ ಬರುವುದು ತಪ್ಪಿಲ್ಲ. ಮೇಡಂ, ಹುಬ್ಬಳ್ಳಿಯ ಔಷಧ ಅಂಗಡಿಗಳಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ವಿಟಮಿನ್ ಡಿ ಮಾತ್ರೆ ಮಾರುತ್ತಾರಲ್ಲ, ಅದಕ್ಕೂ ಈ ಪೆಪ್ಟೈಡ್‌ಗಳಿಗೂ ಸಂಬಂಧವಿದೆ ಎಂಬ ಮಾತು ನಿಜವೇ?

ಉತ್ತರ 4: ಸೂಕ್ಷ್ಮಜೀವಿಶಾಸ್ತ್ರದ ಉಪನ್ಯಾಸಕಿ, ಧಾರವಾಡ

ಸಂಬಂಧ ನಿಜ, ಆದರೆ ಮಾರಾಟಗಾರರು ಅದರಿಂದ ಎಳೆಯುವ ತೀರ್ಮಾನ ನಿಲ್ಲುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಎದುರಾದಾಗ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ವಿಟಮಿನ್ ಡಿಯನ್ನು ಬಳಸಿ ಕ್ಯಾಥೆಲಿಸಿಡಿನ್ ಜೀನನ್ನು ಚುರುಕುಗೊಳಿಸುತ್ತವೆ ಎಂದು 2006ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂತು. ಈ ಏರ್ಪಾಡು ಇಲಿಗಳಲ್ಲಿಲ್ಲ, ಮನುಷ್ಯರಲ್ಲಿ ಮತ್ತು ವಾನರಗಳಲ್ಲಿದೆ. ಆದರೆ ಮಂಗೋಲಿಯಾದಲ್ಲಿ 8,851 ಶಾಲಾಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ಗುಂಪಿಗೆ ಮೂರು ವರ್ಷ ವಾರಕ್ಕೊಮ್ಮೆ ವಿಟಮಿನ್ ಡಿ ಕೊಟ್ಟರೂ ಕ್ಷಯದ ಸೋಂಕು ತಗ್ಗಲಿಲ್ಲ. ಅದರ ಫಲಿತಾಂಶ 2020ರಲ್ಲಿ ಪ್ರಕಟವಾಗಿದೆ. ಕೊರತೆಯಿದ್ದವರು ಮೂಳೆಗಳ ಸಲುವಾಗಿ ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳಲಿ. ಪೆಪ್ಟೈಡ್ ಹೆಚ್ಚಿಸಿಕೊಳ್ಳಲೆಂದು ಕೊಳ್ಳುವುದು ವ್ಯರ್ಥ ಖರ್ಚು.

ಪ್ರಶ್ನೆ ಕೇಳಿದ ಶಿಕ್ಷಕ

ಇಬ್ಬರಿಗೂ, ರೇಷ್ಮೆ ಬೆಳೆಗಾರರಿಗೂ ಕೃತಜ್ಞತೆಗಳು. ಇದನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ಮಾಡುವ ಪ್ರಯೋಗವೇನಾದರೂ ಇದೆಯೇ?

ಉತ್ತರ 5: ಸೂಕ್ಷ್ಮಜೀವಿಶಾಸ್ತ್ರದ ಉಪನ್ಯಾಸಕಿ, ಧಾರವಾಡ

ಪೆಪ್ಟೈಡ್‌ಗಳದ್ದು ಶಾಲೆಯಲ್ಲಿ ಸಾಧ್ಯವಿಲ್ಲ ಸರ್, ಆದರೆ ಅವುಗಳ ಜೊತೆಗಾರನಾದ ಲೈಸೊಜೈಮ್‌ನದು ಸಾಧ್ಯ. ಅದು ಪೆಪ್ಟೈಡ್‌ಗಳಿಗಿಂತ ದೊಡ್ಡ ಪ್ರೋಟೀನು. ಪೊರೆಯನ್ನಲ್ಲ, ಕೋಶಭಿತ್ತಿಯನ್ನು ಕತ್ತರಿಸುತ್ತದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್‌ಗೂ ಮೊದಲು, 1922ರಲ್ಲಿ, ಇದನ್ನು ವರದಿ ಮಾಡಿದರು. ಕಣ್ಣೀರು, ಜೊಲ್ಲು ಮತ್ತು ಮೊಟ್ಟೆಯ ಬಿಳಿಯಲ್ಲಿ ಅದು ಇರುತ್ತದೆ. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾದ ಒಣಗಿಸಿದ ಕೋಶಗಳು ಪ್ರಯೋಗಾಲಯದ ಸಾಮಗ್ರಿ ಮಾರುವವರಲ್ಲಿ ದೊರೆಯುತ್ತವೆ. ಅವನ್ನು ಫಾಸ್ಫೇಟ್ ಬಫರ್‌ನಲ್ಲಿ ಕಲಕಿ ಎರಡು ಪ್ರನಾಳಗಳಿಗೆ ಹಾಕಿ, ಒಂದಕ್ಕೆ ಮಾತ್ರ ತೆಳುಮಾಡಿದ ಮೊಟ್ಟೆಯ ಬಿಳಿಯನ್ನು ಬೆರೆಸಿದರೆ, ಕೆಲವು ನಿಮಿಷಗಳಲ್ಲಿ ಅದರ ಕದಡು ತಿಳಿಯಾಗುತ್ತದೆ. ಜೀವಂತ ಬ್ಯಾಕ್ಟೀರಿಯಾ ಬೆಳೆಸುವ ಗೋಜು ಮಾತ್ರ ಶಾಲೆಯಲ್ಲಿ ಬೇಡ.