ಮಳೆಗಾಲ ಕಳೆದ ಮೇಲೆ ಏರ್ ರೈಫಲ್ ಗುರಿ ಕೆಟ್ಟಿದೆ: ಪೆಲೆಟ್ ತೂಕದ್ದೋ, ಬ್ಯಾರಲ್‌ದೋ?

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು 0.177 ಇಂಚಿನ ಸ್ಪ್ರಿಂಗ್ ಏರ್ ರೈಫಲ್, ಬ್ಯಾರಲ್ ಮಡಚಿ ಪೆಲೆಟ್, ಅಂದರೆ ಸೀಸದ ಚಿಕ್ಕ ಗುಂಡು, ಹಾಕುವಂಥದ್ದು. ಮರದ ಹಿಡಿ, ಮೇಲೆ ಒಂದು ಸ್ಕೋಪ್. ಕೋಡಿಬಾಗದಲ್ಲಿ ಮನೆ, ಹಿತ್ತಲಲ್ಲಿ 20 ಮೀಟರ್ ಜಾಗ ಸಿಗುತ್ತದೆ. ಏಪ್ರಿಲ್ ತಿಂಗಳಲ್ಲಿ ಚೆನ್ನಾಗಿಯೇ ಬೀಳುತ್ತಿತ್ತು. ಮಳೆಗಾಲ ಪೂರ್ತಿ ಕಪಾಟಿನಲ್ಲಿಟ್ಟು ಈಗ ತೆಗೆದರೆ ಯಾವುದೂ ಹೊಂದುತ್ತಿಲ್ಲ.

ಮೂರು ತೂಕದ ಪೆಲೆಟ್ ಇದೆ, 7 ಗ್ರೇನ್, 8.4 ಗ್ರೇನ್, 10.3 ಗ್ರೇನ್. 7 ಗ್ರೇನ್ ಮೇಲೆ ಬೀಳುತ್ತದೆ, 8.4 ಅದರ ಕೆಳಗೆ, 10.3 ಇನ್ನೂ ಕೆಳಗೆ, ಅದೂ ಕಾಗದದ ಮೇಲೆ ಉದ್ದಕ್ಕೆ ಎಳೆದ ಹಾಗೆ. ಒಂದೊಂದು ತೂಕಕ್ಕೆ ಮೂರು ಮೂರು ಹೊಡೆದು ನೋಡಿದ್ದು. ಪ್ರತಿ ಸಲ ಸ್ಕೋಪ್ ತಿರುಗಿಸಿ ಸರಿ ಮಾಡ್ತೀನಿ, ಮುಂದಿನ ಡಬ್ಬಿ ತೆಗೆದ ಕೂಡಲೇ ಮತ್ತೆ ತಪ್ಪು. ಗೆಳೆಯ ಒಬ್ಬ ಬ್ಯಾರಲ್ ಹೋಗಿದೆ, ಬದಲಾಯಿಸು ಅಂತಿದ್ದಾನೆ. ಬದಲಾಯಿಸಲೇಬೇಕಾ?

ಶಿರಸಿಯಿಂದ:

ತಮ್ಮಾ, ಬ್ಯಾರಲ್‌ಗೆ ಈಗಲೇ ದುಡ್ಡು ಹಾಕಬೇಡ. ನೀನು ಬರೆದದ್ದರಲ್ಲಿ ಎರಡು ಬೇರೆ ವಿಷಯ ಸೇರಿಕೊಂಡಿವೆ. ತೂಕ ಬದಲಿಸಿದಾಗ ಗ್ರೂಪ್, ಅಂದರೆ ಕಾಗದದ ಮೇಲೆ ಬಿದ್ದ ತೂತುಗಳ ಗುಂಪು, ಇಡಿಯಾಗಿ ಬೇರೆ ಜಾಗಕ್ಕೆ ಸರಿಯೋದು ಒಂದು. ಒಂದೇ ತೂಕದ ಪೆಲೆಟ್‌ಗಳು ಚೆಲ್ಲಾಪಿಲ್ಲಿಯಾಗೋದು ಇನ್ನೊಂದು. ಮೊದಲನೆಯದು ದೋಷವೇ ಅಲ್ಲ, ಎಲ್ಲ ರೈಫಲ್‌ನಲ್ಲೂ ಆಗುತ್ತದೆ. ಎರಡನೆಯದಕ್ಕೆ ಮಾತ್ರ ಕಾರಣ ಹುಡುಕಬೇಕು.

ಲೆಕ್ಕ ಹಾಕಿ ನೋಡು. ರೈಫಲ್ ಶಕ್ತಿ 8 ಜೂಲ್ ಆಸುಪಾಸು ಅಂತ ಇಟ್ಟುಕೊಳ್ಳೋಣ. 8.4 ಗ್ರೇನ್ ಅಂದರೆ ಸುಮಾರು 0.55 ಗ್ರಾಂ, ಅದು ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಡುತ್ತದೆ. 10.3 ಗ್ರೇನ್ ಅಂದರೆ 0.67 ಗ್ರಾಂ. ಅದೇ ಸ್ಪ್ರಿಂಗ್ ಅದನ್ನು ತಳ್ಳಬೇಕಲ್ವಾ, ವೇಗ 150ರ ಹತ್ತಿರ ಇಳಿಯುತ್ತದೆ. 20 ಮೀಟರ್ ಮುಟ್ಟುವಷ್ಟರಲ್ಲಿ ಮೊದಲನೆಯದು ಏಳೂವರೆ ಸೆಂಟಿಮೀಟರ್ ಇಳಿದಿದ್ದರೆ ಎರಡನೆಯದು ಹತ್ತರ ತನಕ ಇಳಿದಿರುತ್ತದೆ. ಬರೀ ಭೂಮಿಯ ಎಳೆತಕ್ಕೇ ಒಂದು ಇಂಚು ವ್ಯತ್ಯಾಸ ಬಂತು. ಸ್ಪ್ರಿಂಗ್ ರೈಫಲ್‌ನಲ್ಲಿ ಇನ್ನೊಂದೂ ಇದೆ. ಪೆಲೆಟ್ ಇನ್ನೂ ಬ್ಯಾರಲ್ ಒಳಗಿರುವಾಗಲೇ ಸ್ಪ್ರಿಂಗು, ಪಿಸ್ಟನ್ನು ಓಡಿ ಇಡೀ ರೈಫಲ್ ಅಲುಗಿರುತ್ತದೆ. ಭಾರದ ಪೆಲೆಟ್ ಒಳಗೆ ಜಾಸ್ತಿ ಹೊತ್ತು ಇರುತ್ತದೆ, ಹೊರಬೀಳುವಾಗ ಬ್ಯಾರಲ್ ಬಾಯಿ ಬೇರೆ ಕಡೆ ನೋಡುತ್ತಿರುತ್ತದೆ. ಹಾಗಾಗಿ ಮೇಲೆ ಕೆಳಗೆ ಅಷ್ಟೇ ಅಲ್ಲ, ಎಡಕ್ಕೆ ಬಲಕ್ಕೂ ಸರಿಯಬಹುದು.

ಮೂರು ಗುಂಡಿನಲ್ಲಿ ಏನೂ ತಿಳಿಯೋದಿಲ್ಲ. ಮೂರು ಒಂದೇ ತೂತಿಗೆ ಬೀಳೋದು ಅದೃಷ್ಟಕ್ಕೂ ಆಗುತ್ತದೆ. ಒಂದು ತೂಕಕ್ಕೆ ಹತ್ತು ಹೊಡಿ, ಅದೂ ಎರಡು ಕಾಗದದ ಮೇಲೆ. ಡಬ್ಬಿ ಬದಲಿಸಿದ ಕೂಡಲೇ ಹೊಡೆದ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಹಿಡಿಯಬೇಡ, ಹಿಂದಿನ ಪೆಲೆಟ್‌ನ ಸೀಸ ಬ್ಯಾರಲ್ ಒಳಗೆ ಅಂಟಿರುತ್ತದೆ, ಹೊಸದು ಕೂರಲು ಸ್ವಲ್ಪ ಬೇಕು. ಮುಖ್ಯವಾಗಿ, ಈ ಪರೀಕ್ಷೆ ಮುಗಿಯುವ ತನಕ ಸ್ಕೋಪ್ ಮುಟ್ಟಬೇಡ. ನಡುವೆ ತಿರುಗಿಸಿದರೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ಹೇಳಲು ಬರೋದಿಲ್ಲ.

ಹೊಡೆಯುವ ಮೊದಲು ಹಿಡಿಯ ಸ್ಕ್ರೂ ನೋಡು. ಮುಂದಿನ ಎರಡು ಪಕ್ಕದ ಸ್ಕ್ರೂ, ಟ್ರಿಗರ್ ಗಾರ್ಡ್ ಸ್ಕ್ರೂ. ಮಳೆಗಾಲದಲ್ಲಿ ಮರ ಉಬ್ಬಿ ಸ್ಕ್ರೂ ತಲೆಯ ಕೆಳಗೆ ಒತ್ತಿಸಿಕೊಳ್ಳುತ್ತದೆ. ನವೆಂಬರ್‌ನ ಒಣ ಗಾಳಿಗೆ ಅದೇ ಮರ ಕುಗ್ಗಿದಾಗ ಅಲ್ಲಿ ಸಡಿಲ ಉಳಿಯುತ್ತದೆ. ಕೈಯಲ್ಲಿ ಅಲುಗಾಡಿಸಿದರೆ ಗೊತ್ತೂ ಆಗೋದಿಲ್ಲ, ಗುಂಡಿಗೆ ಗೊತ್ತಾಗುತ್ತದೆ. ಮಲೆನಾಡು ಕರಾವಳಿ ಎರಡೂ ಕಡೆ ನಾನು ಮೊದಲು ಕೈ ಹಾಕುವ ಜಾಗ ಇದೇ.

ಅಂಕೋಲಾದಿಂದ:

ಅಕ್ಕ ಹೇಳಿದ್ದು ಸರಿ. ನಾನು ಪೆಲೆಟ್ ಬಗ್ಗೆ ಒಂದು ಸೇರಿಸ್ತೀನಿ. ಡಬ್ಬಿ ಎಲ್ಲಿಟ್ಟಿದ್ದೆ ತಮ್ಮಾ? ಒಂದು ಪೆಲೆಟ್ ತೆಗೆದು ಬಿಸಿಲಿಗೆ ಹಿಡಿದು ನೋಡು. ಹೊಸ ಸೀಸ ಕಡುಬೂದು, ಸ್ವಲ್ಪ ಹೊಳಪು. ನಮ್ಮ ಕಡಲ ತೇವಕ್ಕೆ ಅದರ ಮೇಲೆ ಬಿಳಿ ಪುಡಿ ಏಳುತ್ತದೆ, ಬೆರಳಿಗೆ ಅಂಟುತ್ತದೆ. ಮರದ ಕಪಾಟು, ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರೆ ಇನ್ನೂ ಜಾಸ್ತಿ, ಮರದಿಂದ ಬರುವ ಹುಳಿ ಆವಿ ಸೀಸವನ್ನು ತಿನ್ನುತ್ತದೆ. ಪುಡಿ ಹಿಡಿದ ಪೆಲೆಟ್ ಒಂದೊಂದು ಒಂದೊಂದು ತೂಕ, ಒಂದೊಂದು ಅಳತೆ, ಅದರಿಂದ ಗ್ರೂಪ್ ಬರೋದೇ ಇಲ್ಲ. ಆ ಪುಡಿ ವಿಷ, ಊದಬೇಡ, ಕೈ ಸೋಪಲ್ಲಿ ತೊಳಿ. ಪೆಲೆಟ್ ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಅದು ಬೇಡ. ನಾನೀಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡ್ತೀನಿ.

ಇನ್ನೊಂದು ಕೇಳಬೇಕಿತ್ತು ಅಕ್ಕಾ. ತುಕ್ಕು ಹಿಡಿಯಬಾರದು ಅಂತ ಬ್ಯಾರಲ್ ಬುಡದ ಗಾಳಿ ತೂತಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು ಸರಿಯಾ?

ಶಿರಸಿಯಿಂದ:

ಬೇಡವೇ ಬೇಡ. ಆ ತೂತಿನ ಹಿಂದೆ ಗಾಳಿ ಒತ್ತುವ ಕೊಳವೆ ಇದೆ. ಪಿಸ್ಟನ್ ಒತ್ತಿದಾಗ ಗಾಳಿ ಎಷ್ಟು ಕಾಯುತ್ತದೆ ಅಂದರೆ ಅಲ್ಲಿರುವ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಕೆಲಸ ಮಾಡೋದು ಹೀಗೆಯೇ, ಅದಕ್ಕೇ ಇದಕ್ಕೆ ಡೀಸಲಿಂಗ್ ಅಂತ ಹೆಸರು. ಢಂ ಅಂತ ಸದ್ದು, ಬ್ಯಾರಲ್ ಬಾಯಲ್ಲಿ ಹೊಗೆ, ಒಂದು ಗುಂಡು ವೇಗ, ಮುಂದಿನದು ನಿಧಾನ. ಕಾಗದದ ಮೇಲೆ ಉದ್ದಕ್ಕೆ ಎಳೆದ ಗ್ರೂಪ್ ಬರಲು ಇದೂ ಒಂದು ಕಾರಣ. ಸೀಲ್ ಕೂಡ ಸುಡುತ್ತದೆ. ಬ್ಯಾರಲ್ ಒಳಗೆ ಬಟ್ಟೆಯಲ್ಲಿ ತೆಳ್ಳಗೆ ಗನ್ ಎಣ್ಣೆ ಸವರಿ ಇಟ್ಟರೆ ಸಾಕು. ಹೊಡೆಯುವ ಮೊದಲು ಒಣ ಬಟ್ಟೆ ಎಳೆದು ತೆಗೆಯಬೇಕು.

ತಮ್ಮಾ, ಹಾಗೆಯೇ ಬ್ಯಾರಲ್ ಕೂರುವ ಜಾಗದ ಸೀಲ್ ನೋಡು. ಟಿಶ್ಯೂ ಕಾಗದದ ಚಿಕ್ಕ ತುಂಡು ಆ ಸಂದಿಯ ಮೇಲಿಟ್ಟು ಒಂದು ಗುಂಡು ಹೊಡಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ, ಆ ಸೀಲಿನ ಓ ರಿಂಗ್ (ರಬ್ಬರ್ ಬಳೆ) ಬದಲಿಸಬೇಕು. ಸ್ಕೋಪ್ ಹಿಡಿದಿರುವ ಮೌಂಟ್ ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದಿಡು. ಸ್ಪ್ರಿಂಗ್ ರೈಫಲ್ ಹಿಂದೆ ಮುಂದೆ ಎರಡೂ ಕಡೆ ಒದೆಯುತ್ತದೆ, ಮೌಂಟ್ ಜಾರಿದ್ದರೆ ಗೆರೆ ತಪ್ಪಿರುತ್ತದೆ.

ಎಲ್ಲಿ ಊರಿ ಹೊಡೀತೀಯ ಅಂತ ಬರೆದಿಲ್ಲ.

ಕಾರವಾರದಿಂದ:

ಅಕ್ಕಾ, ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ರೈಫಲ್ ಒತ್ತಿ ಹಿಡಿದು ಹೊಡೀತಿದ್ದೆ. ಅಲುಗಬಾರದು ಅಂತ ಗಟ್ಟಿಯಾಗಿ.

ನೋಡಿದ್ದು ಬರೀತೀನಿ. ಮುಂದಿನ ಎಡಗಡೆ ಸ್ಕ್ರೂ ಅರ್ಧ ಸುತ್ತು ತಿರುಗಿತು, ಬಲಗಡೆಯದು ಅದಕ್ಕಿಂತ ಜಾಸ್ತಿ. ಟಿಶ್ಯೂ ಹಾರಲಿಲ್ಲ. ಪೆನ್ಸಿಲ್ ಗೆರೆ ಹಾಗೆಯೇ ಇದೆ. 7 ಮತ್ತು 8.4 ಡಬ್ಬಿ ಚೆನ್ನಾಗಿದೆ, 10.3ರದ್ದು ರಟ್ಟಿನ ಪೆಟ್ಟಿಗೆಯಲ್ಲಿತ್ತು, ಬಿಳಿ ಪುಡಿ ಇದೆ. ಅಂಕೋಲಾದ ಅಣ್ಣ ಹೇಳಿದ ಹಾಗೇ ಬೆರಳಿಗೆ ಅಂಟಿತು. ಕೆಲವು ಪೆಲೆಟ್‌ನ ಹಿಂದಿನ ಅಂಚು ಒಂದು ಕಡೆ ಚಪ್ಪಟೆಯಾಗಿದೆ.

ಶಿರಸಿಯಿಂದ:

ಹಾಗಾದರೆ ಅರ್ಧ ಕೆಲಸ ಆಯ್ತು. ಈಗ ಹಿಡಿತ. ಸ್ಪ್ರಿಂಗ್ ರೈಫಲ್ ಗಟ್ಟಿ ಹಿಡಿದರೆ, ಗಟ್ಟಿ ವಸ್ತುವಿನ ಮೇಲೆ ಊರಿದರೆ, ಅದು ಪ್ರತಿ ಸಲ ಬೇರೆ ಥರ ಪುಟಿಯುತ್ತದೆ. ಚೀಲದ ಮೇಲೆ ನಿನ್ನ ಎಡಗೈ ಇಡು, ಅಂಗೈ ತೆರೆದು ಅದರ ಮೇಲೆ ರೈಫಲ್ ಸುಮ್ನೆ ಮಲಗಿಸು. ಬೆರಳು ಸುತ್ತಬೇಡ. ಭುಜಕ್ಕೆ ತಾಗಿದರೆ ಸಾಕು, ಎಳೆದು ಒತ್ತಬೇಡ. ಅದು ತನ್ನ ಪಾಡಿಗೆ ಒದೆಯಲಿ, ಆದರೆ ಪ್ರತಿ ಸಲ ಒಂದೇ ಥರ ಒದೆಯಲಿ. ಅಂಗೈ ಇಡುವ ಜಾಗ ಒಂದು ಇಂಚು ಹಿಂದೆ ಮುಂದೆ ಆದರೂ ಗ್ರೂಪ್ ಸರಿಯುತ್ತದೆ, ಹಾಗಾಗಿ ಹಿಡಿಯ ಮೇಲೆ ಒಂದು ಟೇಪ್ ಗುರುತು ಅಂಟಿಸು. ಭಾರದ ಪೆಲೆಟ್ ಬ್ಯಾರಲ್‌ನಲ್ಲಿ ಜಾಸ್ತಿ ಹೊತ್ತು ಇರುವುದರಿಂದ ಹಿಡಿತದ ಲೋಪ ಅದರಲ್ಲೇ ಹೆಚ್ಚು ಕಾಣುತ್ತದೆ.

ಅಂಚು ಚಪ್ಪಟೆಯಾದದ್ದೆಲ್ಲ ಪಕ್ಕಕ್ಕೆ ಹಾಕು. ಪೆಲೆಟ್‌ನ ಆ ತೆಳು ಲಂಗದಂಥ ಅಂಚೇ ಗಾಳಿ ತಡೆದು ರೈಫಲಿಂಗ್, ಅಂದರೆ ಬ್ಯಾರಲ್ ಒಳಗಿನ ಸುರುಳಿ ಗೆರೆ, ಹಿಡಿಯೋದು. ಪುಡಿ ಹಿಡಿದ 10.3 ಪರೀಕ್ಷೆಗೆ ಬಳಸಬೇಡ.

ಗುರಿಯ ಹಿಂದೆ ಏನಿದೆ? ಚಿರೆಕಲ್ಲಿನ ಗೋಡೆ ಆದರೆ ಪೆಲೆಟ್ ವಾಪಸ್ ಹಾರುತ್ತದೆ. ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಬಿಗಿಯಾಗಿ ತುಂಬಿ ಅದರ ಮುಂದೆ ಕಾಗದ ಕಟ್ಟು. ಕಣ್ಣಿಗೆ ಕನ್ನಡಕ ಇರಲಿ.

ಕಾರವಾರದಿಂದ:

ಅಕ್ಕಾ, ಅಣ್ಣಾ, ಬ್ಯಾರಲ್ ಸರಿ ಇದೆ! ಸ್ಕ್ರೂ ಬಿಗಿ ಮಾಡಿ, ಅಂಗೈ ಮೇಲಿಟ್ಟು ಹತ್ತು ಹತ್ತು ಹೊಡೆದೆ. 20 ಮೀಟರಿಗೆ 8.4 ಗ್ರೇನ್ 16 ಮಿಲಿಮೀಟರ್ ಒಳಗೆ ಬಂತು. 7 ಗ್ರೇನ್ 24, ಆದರೆ ದುಂಡಗೆ, ಉದ್ದಕ್ಕೆ ಅಲ್ಲ. 10.3ರ ಹೊಸ ಡಬ್ಬಿ ಗೆಳೆಯನ ಹತ್ತಿರ ತಂದು ಹೊಡೆದೆ, 35ರ ಕೆಳಗೆ ಇಳಿಯಲೇ ಇಲ್ಲ. ಇದು ಯಾಕೆ? ಭಾರದ್ದು ಗಾಳಿಗೆ ಅಲುಗೋದಿಲ್ಲ, ಅದೇ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರಲ್ಲ.

ಶಿರಸಿಯಿಂದ:

ಆ ಮಾತು ಶಕ್ತಿ ಜಾಸ್ತಿ ಇರುವ ರೈಫಲ್‌ಗೆ, ದೂರದ ಗುರಿಗೆ. ನಿನ್ನ ರೈಫಲ್‌ಗೆ 10.3 ಹೊರೆ. ಭಾರದ ಪೆಲೆಟ್ ಎದುರಿಗಿದ್ದಾಗ ಪಿಸ್ಟನ್ ಕೊನೆ ಮುಟ್ಟುವ ಮೊದಲೇ ಹಿಂದಕ್ಕೆ ಪುಟಿಯುತ್ತದೆ, ವೇಗ ಒಂದೊಂದು ಸಲ ಒಂದೊಂದು. ಭಾರದ ಕೆಲವು ಪೆಲೆಟ್‌ನ ಅಂಚೂ ದಪ್ಪ, ಕಡಿಮೆ ಒತ್ತಡಕ್ಕೆ ಸರಿಯಾಗಿ ಅರಳಿ ಬ್ಯಾರಲ್ ಹಿಡಿಯೋದಿಲ್ಲ. ಜೊತೆಗೆ ಡಬ್ಬಿ ಮೇಲೆ ತಲೆಯ ಅಳತೆ ಓದು, 4.50, 4.51, 4.52 ಮಿಲಿಮೀಟರ್ ಅಂತ ಇರುತ್ತದೆ. ಒಂದೇ ತೂಕದಲ್ಲಿ ತಲೆಯ ಅಳತೆ ಬದಲಾದರೂ ಗ್ರೂಪ್ ಬದಲಾಗುತ್ತದೆ. ದೊಡ್ಡ ಸ್ಪರ್ಧೆಯ ಶೂಟರ್‌ಗಳು ಬ್ಯಾರಲನ್ನು ಕ್ಲಾಂಪ್‌ನಲ್ಲಿ ಕಟ್ಟಿ ಬ್ಯಾಚ್ ಬ್ಯಾಚ್ ಪೆಲೆಟ್ ಪರೀಕ್ಷೆ ಮಾಡಿಸಿ, ತಮ್ಮ ಬ್ಯಾರಲ್‌ಗೆ ಹೊಂದಿದ್ದನ್ನೇ ಒಟ್ಟಿಗೆ ಕೊಂಡಿಡ್ತಾರೆ. 10 ಮೀಟರ್ ರೈಫಲ್ ಗುರಿಯ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಬರೀ ಎರಡೂವರೆ ಮಿಲಿಮೀಟರ್. ಅಲ್ಲಿ ರೈಫಲ್‌ಗೆ ಹೆಚ್ಚಾಗಿ ಬಳಸೋದು 0.53 ಗ್ರಾಂ, ಅಂದರೆ 8.2 ಗ್ರೇನ್ ಹತ್ತಿರದ್ದೇ.

ಅಂಕೋಲಾದಿಂದ:

ಸ್ಪ್ರಿಂಗ್ ಗಟ್ಟಿ ಹಾಕಿಸಿದರೆ 10.3 ಎಳೆಯುತ್ತದೆ ಅಂತ ಅಂಗಡಿಯವರು ಹೇಳಬಹುದು, ಅದಕ್ಕೆ ಹೋಗಬೇಡ ತಮ್ಮಾ. 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚು, 20 ಜೂಲ್ ಒಳಗಿದ್ದರೆ ಮಾತ್ರ ಲೈಸೆನ್ಸ್ ಬೇಡ. ಮತ್ತೆ ತೆಂಗಿನ ಮರಕ್ಕೆ ಮಂಗ ಬಂದರೆ ಇದನ್ನು ತೆಗೆಯಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಗಾಯವಾದ ಪ್ರಾಣಿ ನರಳಿ ಸಾಯುತ್ತದೆ, ಅದನ್ನು ನೋಡಲು ಆಗೋದಿಲ್ಲ.

ಕಾರವಾರದಿಂದ:

ಇಲ್ಲ ಅಣ್ಣಾ, ಕಾಗದಕ್ಕೆ ಮಾತ್ರ. ಹಾಗಾದರೆ 8.4 ಇಟ್ಟುಕೊಳ್ತೀನಿ. 7 ಗ್ರೇನ್ ಡಬ್ಬಿ ಪೂರ್ತಿ ಉಳಿದಿದೆ, ಅದನ್ನೂ ಬಳಸಬೇಕು ಅಂದರೆ ಸ್ಕೋಪ್ ಪ್ರತಿ ಸಲ ತಿರುಗಿಸಬೇಕಾ?

ಶಿರಸಿಯಿಂದ:

8.4ಕ್ಕೆ ಸ್ಕೋಪ್ ಸರಿ ಮಾಡಿ ಅಲ್ಲಿಗೇ ಬಿಡು. ಸಾಮಾನ್ಯ ಕಾಲು ಮಿನಿಟ್ (ಮಿನಿಟ್ ಇಲ್ಲಿ ಕೋನದ ಅಳತೆ) ಸ್ಕೋಪ್‌ನಲ್ಲಿ ಗುಂಡಿಯನ್ನು ಒಂದು ಕ್ಲಿಕ್ ತಿರುಗಿಸಿದರೆ 20 ಮೀಟರಿಗೆ ಗುರಿ ಸುಮಾರು ಒಂದೂವರೆ ಮಿಲಿಮೀಟರ್ ಸರಿಯುತ್ತದೆ. 7 ಗ್ರೇನ್ ಗ್ರೂಪ್‌ನ ನಡು ಎಷ್ಟು ಮೇಲೆ ಬೀಳುತ್ತದೆ ಅಳೆದು, ಎಷ್ಟು ಕ್ಲಿಕ್ ಅಂತ ಆ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡು. ಆದರೆ ಒಂದೇ ದಿನ ಎರಡನ್ನೂ ಬೆರೆಸಬೇಡ. ಕೈ ಅಭ್ಯಾಸಕ್ಕೆ 7, ಅಂಕ ಬರೆದಿಡುವ ದಿನ 8.4. ತಿಂಗಳಿಗೊಮ್ಮೆ ಆ ಮುಂದಿನ ಎರಡು ಸ್ಕ್ರೂ ನೋಡು, ಬಲ ಹಾಕಿ ತಿರುಚಬೇಡ, ಮರ ಸೀಳುತ್ತದೆ.