ಬಾತ್‌ರೂಮ್ ಬೇಸಿನ್ ಕಟ್ಟೆಗೆ ಯಾವ ಕಲ್ಲು ಹಾಕಿಸಲಿ? ಹಾಸನ, ಚಿಕ್ಕಮಗಳೂರು ಕಡೆಯವರು ಅನುಭವ ಹೇಳಿ

ಕೇಳಿದವರು, ಹಾಸನ:

ಎಲ್ಲರಿಗೂ ನಮಸ್ಕಾರ. ಅಪ್ಪ ಕಟ್ಟಿಸಿದ ಹಳೇ ಮನೆಯ ಎರಡು ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸ್ತಿದ್ದೀವಿ. ಗೋಡೆಗೆ ನೇತುಹಾಕಿದ ಬೇಸಿನ್ ತೆಗೆದು, 4 ಅಡಿ ಉದ್ದ, ಪೌಣೆರಡು ಅಡಿ ಅಗಲದ ಕಟ್ಟೆ ಮಾಡಿ ಅದರಲ್ಲಿ ಬೇಸಿನ್ ಕೂರಿಸಬೇಕು. ಮೇಸ್ತ್ರಿ ಕಡಪ ಸಾಕು ಅಂತಾರೆ. ಮನೆಯವರಿಗೆ ಬಿಳಿ ಮಾರ್ಬಲ್ ಮೇಲೆ ಮನಸ್ಸು. ಅಂಗಡಿಗೆ ಹೋದ್ರೆ ಕ್ವಾರ್ಟ್ಸ್ ಬಿಟ್ಟು ಬೇರೆ ತೋರಿಸಲ್ಲ. ಕುಡಿಯೋಕೆ ಹೇಮಾವತಿ ನೀರು ಬರುತ್ತೆ, ಬಚ್ಚಲಿಗೆಲ್ಲ ಬೋರ್ ನೀರು. ಅಮ್ಮನಿಗೆ ವಯಸ್ಸಾಗಿದೆ, ಎಣ್ಣೆ ಸ್ನಾನ ಬಿಡಲ್ಲ, ಅರಿಶಿನನೂ ಬಳಸ್ತಾರೆ. ಹಾಕಿಸಿ ನಾಲ್ಕಾರು ವರ್ಷ ಬಳಸಿದವರು ಹೇಳಿದ್ರೆ ತುಂಬ ಉಪಕಾರ.

ಅರಸೀಕೆರೆಯಿಂದ:

ಕಲ್ಲು ನೋಡೋಕೆ ಹೋಗೋ ಮೊದಲು ಬೋರ್ ನೀರು ಟೆಸ್ಟ್ ಮಾಡಿಸಿ. ಕುಡಿಯೋ ನೀರಿನ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಒಪ್ಪಬಹುದು. ನಮ್ಮ ಕಡೆ ಬೋರ್ ನೀರಲ್ಲಿ ಸೋಪು ನೊರೆ ಬರೋದೇ ಕಷ್ಟ. ಗೀಸರ್ ಬಿಚ್ಚಿಸಿದಾಗೆಲ್ಲ ಕಾಯಿಲ್ ತುಂಬ ಸುಣ್ಣ. ಅದೇ ಸುಣ್ಣ ಕಟ್ಟೆ ಮೇಲೆ ನಲ್ಲಿ ಬುಡದಲ್ಲಿ ಬಿಳಿ ಉಂಗುರದ ಥರ ಕೂರುತ್ತೆ. ಹೊಸದರಲ್ಲಿ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ. ಬಿಟ್ರೆ ಪದರದ ಮೇಲೆ ಪದರ ಸೇರಿ, ಉಗುರು ಹಾಕಿ ಕೆರೆದ್ರೂ ಏಳಲ್ಲ. ಆಮೇಲೆ ಹುಳಿಯೇ ಬೇಕು, ನಿಂಬೆಹಣ್ಣು ಇಲ್ಲಾಂದ್ರೆ ವಿನೆಗರ್.

ಮಾರ್ಬಲ್‌ನ ಕಷ್ಟ ಇರೋದೇ ಅಲ್ಲಿ. ಆ ಬಿಳಿ ಕಲೆ ಕ್ಯಾಲ್ಸಿಯಂ ಕಾರ್ಬೊನೇಟ್, ಮಾರ್ಬಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್. ಕಲೆ ಕರಗಿಸೋ ಹುಳಿ ಕಲ್ಲಿನ ಮೈಯನ್ನೂ ತಿನ್ನುತ್ತೆ. ಕಲೆ ಹೋಗುತ್ತೆ, ಅದರ ಜಾಗದಲ್ಲಿ ಹೊಳಪು ಸತ್ತ ಮಂಕು ಮಚ್ಚೆ ಉಳಿಯುತ್ತೆ. ಅದನ್ನ ತೆಗೆಯೋಕೆ ಪಾಲಿಶ್ ಮೆಷಿನ್ನೇ ಬರಬೇಕು. ಕಡಪನೂ ಸುಣ್ಣಕಲ್ಲಿನ ಜಾತಿಯೇ, ಹುಳಿ ಬಿದ್ದ ಕಡೆ ಬೆಳ್ಳಗಾಗುತ್ತೆ. ಸಾಮಾನಿಡೋ ಶೆಲ್ಫಿಗೆ, ಕಟ್ಟೆ ಕೆಳಗಿನ ಕಾಲಿಗೆ ಕಡಪ ಒಳ್ಳೇದು. ದಿನಾ ನೀರು ನಿಲ್ಲೋ ಮೇಲ್ಮೈಗೆ ಗಡಸು ನೀರಿನ ಮನೇಲಿ ಬೇಡ ಅಂತೀನಿ.

ನಮ್ಮನೇಲಿ ಗ್ರಾನೈಟ್. ವಿನೆಗರ್ ಬಟ್ಟೆ ಸ್ವಲ್ಪ ಹೊತ್ತು ಸುತ್ತಿಟ್ಟು, ತೆಗೆದು ತಕ್ಷಣ ಚೆನ್ನಾಗಿ ನೀರು ಹಾಕಿ ತೊಳೀತೀವಿ. ಕಲ್ಲಿಗೆ ಏನೂ ಆಗಿಲ್ಲ. ಹಾಗಂತ ಟಾಯ್ಲೆಟ್‌ಗೆ ಹಾಕೋ ಆಸಿಡ್ ಗ್ರಾನೈಟಿಗೂ ತಾಗಿಸಬೇಡಿ. ಸಂದಿನ ಗಾರೆ ತಿಂದುಬಿಡುತ್ತೆ, ನಲ್ಲಿಯ ಕ್ರೋಮ್ ಎದ್ದು ಬರುತ್ತೆ.

ಮೂಡಿಗೆರೆಯಿಂದ:

ನಮ್ಮ ಕಡೆ ಕಥೆನೇ ಬೇರೆ. ನೀರು ಗುಡ್ಡದ ಒರತೆಯಿಂದ ಬರುತ್ತೆ, ಮೆದು, ಸುಣ್ಣದ ಕಲೆ ಅನ್ನೋದೇ ಗೊತ್ತಿಲ್ಲ. ಆದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಾತ್‌ರೂಮ್ ಒಣಗೋದೇ ಇಲ್ಲ. ಟವೆಲ್ ಬೂಸಲು, ಬಾಗಿಲು ಉಬ್ಬಿ ಮುಚ್ಚಲ್ಲ. ಇಲ್ಲಿ ಮೇಲಿನ ಕಲ್ಲಿಗಿಂತ ಕೆಳಗಡೆ ಏನಿದೆ ಅನ್ನೋದೇ ಮುಖ್ಯ.

ಸಂಬಂಧಿಕರ ಮನೇಲಿ ಬೇಸಿನ್ ಕೆಳಗೆ ಪ್ಲೈವುಡ್ ಕಪಾಟು ಮಾಡಿಸಿದ್ರು. ಮೇಲೆ ಲ್ಯಾಮಿನೇಟ್ ನೀಟಾಗಿತ್ತು. ಬಾಗಿಲು ತೆಗೆದು ಪೈಪಿಗೆ ತೂತು ಕೊರೆದ ಜಾಗ ನೋಡಿ: ಅಂಚು ಹೂ ಬಿಟ್ಟಂಗೆ ಅರಳಿ, ಪದರ ಬಿಚ್ಚಿಕೊಂಡು, ಕೈ ಹಾಕಿದ್ರೆ ಒದ್ದೆ ರಟ್ಟು. ನೀರಿಗೆ ತಡೆಯೋ ಮೆರೈನ್ ಪ್ಲೈ ಬೇಕಂದ್ರೆ ಐಎಸ್ 710 ಗುರುತು ನೋಡಿ ತಗೊಳ್ಳಿ. ಐಎಸ್ 303 ಬೇರೆ ದರ್ಜೆ, ಅದನ್ನೇ ವಾಟರ್‌ಪ್ರೂಫ್ ಅಂತ ಮಾರ್ತಾರೆ. ಮೆರೈನ್ ಆದ್ರೂ ಕತ್ತರಿಸಿದ ಅಂಚು, ಕೊರೆದ ತೂತು ಎಲ್ಲಕ್ಕೂ ಸೀಲ್ ಮಾಡಿಸಲೇಬೇಕು. ತೋಟದ ಸಿಲ್ವರ್ ಓಕ್ ಇದೆಯಲ್ಲ, ಅದನ್ನೇ ಕೊಯ್ಸಿ ಕಟ್ಟೆ ಮಾಡಿಸೋಣ ಅಂತ ಕೆಲವರು ಕೇಳ್ತಾರೆ. ದಯವಿಟ್ಟು ಬಾತ್‌ರೂಮಿಗೆ ಬೇಡ, ತೇವಕ್ಕೆ ತಡೆಯೋ ಮರ ಅಲ್ಲ ಅದು.

ನಾವು ಮಾಡಿದ್ದು: ಎರಡು ಕಡಪ ಕಾಲು, ಮೇಲೆ ಗ್ರಾನೈಟ್, ಕೆಳಗೆ ಪೂರ್ತಿ ಖಾಲಿ. ಗಾಳಿ ಆಡುತ್ತೆ, ನೆಲ ಒರೆಸಬಹುದು, ಪೈಪ್ ಸೋರಿದ್ರೆ ಅದೇ ದಿನ ಕಣ್ಣಿಗೆ ಬೀಳುತ್ತೆ.

ಸಕಲೇಶಪುರದಿಂದ:

ಟೈಲ್ ಕಟ್ಟೆ ಬಗ್ಗೆ ಯಾರೂ ಹೇಳಿಲ್ಲ. ವಿಟ್ರಿಫೈಡ್ ಟೈಲ್ ನೀರು ಕುಡಿಯೋದು ಅರ್ಧ ಪರ್ಸೆಂಟಿಗಿಂತ ಕಮ್ಮಿ, ಕಲೆನೂ ಹಿಡಿಯಲ್ಲ. ಸೋಲೋದು ಸಂದಿನಲ್ಲಿ. ವೈಟ್ ಸಿಮೆಂಟ್ ತುಂಬಿದ್ರೆ ಒಂದು ಮಳೆಗಾಲಕ್ಕೆ ಕಪ್ಪು ಗೆರೆ. ಎಪಾಕ್ಸಿ ಗ್ರೌಟ್ ಹಾಕಿಸಿ, ಇಲ್ಲಾಂದ್ರೆ ಒಂದೇ ದೊಡ್ಡ ಟೈಲಲ್ಲಿ ಇಡೀ ಕಟ್ಟೆ ಮುಗಿಸಿ. ಮುಂದಿನ ಅಂಚು ಚೂಪು ಬರದ ಹಾಗೆ ನೋಡ್ಕೊಳ್ಳಿ.

ಕೇಳಿದವರು, ಹಾಸನ:

ನೀರಿನ ವಿಷಯ ನಾವು ಯೋಚನೆನೇ ಮಾಡಿರಲಿಲ್ಲ. ಹಳೇ ಬೇಸಿನ್ ನಲ್ಲಿ ಸುತ್ತ ಬಿಳಿ ಗಟ್ಟಿ ಕಲೆ ಇದೆ, ಅಂದ್ರೆ ಗಡಸು ನೀರೇ. ಹಾಗಾದ್ರೆ ಬಿಳಿ ಬೇಕು ಅನ್ನೋರಿಗೆ ಕ್ವಾರ್ಟ್ಸ್ ದಾರಿನಾ?

ಚಿಕ್ಕಮಗಳೂರಿನಿಂದ:

ನಮ್ಮದು ಬಿಳಿ ಕ್ವಾರ್ಟ್ಸ್, ಬಳಸ್ತಿದ್ದೀವಿ, ಇಷ್ಟ ಆಗಿದೆ. ಅದು ಗಣಿಯಿಂದ ಬಂದ ಹಾಸುಗಲ್ಲಲ್ಲ. ಕ್ವಾರ್ಟ್ಸ್ ಪುಡಿ ನೂರಕ್ಕೆ ಸುಮಾರು 90 ಭಾಗ, ಉಳಿದದ್ದು ರೆಸಿನ್ ಅನ್ನೋ ಅಂಟು ಮತ್ತು ಬಣ್ಣ, ಒತ್ತಿ ಮಾಡಿದ ಹಲಗೆ. ಸಣ್ಣ ರಂಧ್ರಗಳಿಲ್ಲದ್ರಿಂದ ಎಣ್ಣೆ ಇಳಿಯಲ್ಲ, ಅರಿಶಿನ ಆಗಲೇ ಒರೆಸಿದ್ರೆ ನಿಲ್ಲಲ್ಲ. ನೀರು, ಎಣ್ಣೆ ಇಳಿಯದ ಹಾಗೆ ಸೀಲರ್ ಹೊಡೆಯೋ ಕೆಲಸನೂ ಇಲ್ಲ. ನಿಂಬೆಹುಳಿಗೆ ಜಗ್ಗಲ್ಲ.

ಮೂರು ಮಾತು ತಿಳ್ಕೊಂಡು ತಗೊಳ್ಳಿ. ರೆಸಿನ್‌ಗೆ ಬಿಸಿ ಆಗಲ್ಲ, ಕೂದಲು ನೇರ ಮಾಡೋ ಮೆಷಿನ್ ನೇರವಾಗಿ ಅದರ ಮೇಲೆ ಇಡಬಾರದು. ಕಿಟಕಿಯಿಂದ ನೇರ ಬಿಸಿಲು ಬಿದ್ರೆ ಕಾಲಕ್ರಮೇಣ ಬಿಳಿ ಹಳದಿಗೆ ತಿರುಗುತ್ತೆ. ನೀರಲ್ಲಿ ಕಬ್ಬಿಣ ಇದ್ರೆ ಬಿಳಿ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತೆ, ಕಪ್ಪಲ್ಲಿ ಅದು ಗೊತ್ತಾಗಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. ಈ ಹಲಗೆಯನ್ನ ಒಣಗಿದ್ದಾಗ ಕೊಯ್ದ್ರೆ ಏಳೋ ಧೂಳಲ್ಲಿ ಸಿಲಿಕಾ ವಿಪರೀತ. ಕೊಯ್ಯೋ ಹುಡುಗರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬರುತ್ತೆ, ಬಂದ್ರೆ ವಾಸಿ ಇಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಥರದ ಕೃತಕ ಕಲ್ಲನ್ನೇ ನಿಷೇಧಿಸಿದೆ. ಗ್ರಾನೈಟ್ ಧೂಳಲ್ಲೂ ಸಿಲಿಕಾ ಇರುತ್ತೆ, ಪ್ರಮಾಣ ಕಮ್ಮಿ ಅಷ್ಟೇ. ಯಾವ ಕಲ್ಲಾದ್ರೂ ನೀರು ಬಿಟ್ಟುಕೊಂಡೇ ಕೊಯ್ಯಬೇಕು, ಮಾಸ್ಕ್ ಹಾಕಿಕೊಳ್ಳಬೇಕು ಅಂತ ನೀವೇ ನಿಂತು ಹೇಳಿ. ನಾವು ಮನೆಯೊಳಗೆ ಒಣ ಕಟಿಂಗ್ ಮಾಡೋಕೆ ಬಿಡಲಿಲ್ಲ.

ಬೇಲೂರು ರಸ್ತೆಯಿಂದ, ಕಲ್ಲು ಕಟಿಂಗ್ ಮತ್ತು ಪಾಲಿಶ್ ಕೆಲಸದವರು:

ಮೇಲಿನವರು ಧೂಳಿನ ಬಗ್ಗೆ ಬರೆದದ್ದಕ್ಕೆ ಕೈಮುಗಿದು ಥ್ಯಾಂಕ್ಸ್. ಗಿರಾಕಿ ಹೇಳಿದ್ರೆ ಮಾತ್ರ ಮಾಲೀಕರು ಕೇಳ್ತಾರೆ.

ನಿಮ್ಮ ನೀರಿಗೆ, ನಿಮ್ಮ ಮನೆ ಬಳಕೆಗೆ ನಾನು ಹೇಳೋದು ಗ್ರಾನೈಟ್. ಆದ್ರೆ ಗ್ರಾನೈಟ್ ಅಂದ್ರೆ ಕಪ್ಪೇ ಅಂತ ಹೋಗಬೇಡಿ. ಪಾಲಿಶ್ ಮಾಡಿದ ಅಪ್ಪಟ ಕಪ್ಪು ಮೇಲೆ ಗಡಸು ನೀರಿನ ಒಂದೊಂದು ಹನಿಯೂ ಬಿಳಿ ಚುಕ್ಕಿ ಬಿಟ್ಟು ಒಣಗುತ್ತೆ. ಸಾದರಹಳ್ಳಿ ಥರದ ತಿಳಿ ಬೂದು ತಗೊಂಡ್ರೆ ಅಮ್ಮನ ಎಣ್ಣೆ ಕಲ್ಲೊಳಗೆ ಇಳಿದು ಕಪ್ಪು ಮಚ್ಚೆ ಆಗುತ್ತೆ. ಎರಡರ ಮಧ್ಯದ್ದು, ಕಾಳು ಕಾಳು ಇರೋದು ನೋಡಿ. ನಮ್ಮದೇ ಜಿಲ್ಲೆ ಹೆಸರಿನ ಹಾಸನ ಗ್ರೀನ್ ಸಿಕ್ಕರೆ ಕಡುಹಸಿರು, ಚೆನ್ನಾಗಿ ಕಾಣುತ್ತೆ. ಲೆದರ್ ಫಿನಿಶ್ ಈಗ ಜನ ಕೇಳ್ತಾರೆ, ಗಡಸು ನೀರಿಗೆ ಬೇಡ, ಆ ಉಬ್ಬುತಗ್ಗಲ್ಲಿ ಸುಣ್ಣ ಕೂತ್ರೆ ತೆಗೆಯೋದು ಕಷ್ಟ.

ಅಂಗಡಿಗೆ ಹೋಗುವಾಗ ಒಂದು ನಿಂಬೆಹಣ್ಣು, ಸ್ವಲ್ಪ ಹತ್ತಿ, ಉಗುರು ಬಣ್ಣ ತೆಗೆಯೋ ಅಸಿಟೋನ್ ತಗೊಂಡು ಹೋಗಿ. ತುಂಡು ಕಲ್ಲಿನ ಮೇಲೆ ನಿಂಬೆರಸ ಹಾಕಿ ಕಾದು ಒರೆಸಿ. ಮಂಕಾದ್ರೆ ಅದು ಸುಣ್ಣದ ಕಲ್ಲು, ಅಂಗಡಿಯವರು ಏನೇ ಹೆಸರು ಹೇಳಲಿ. ಕಪ್ಪು ಅಂತ ಕೊಟ್ಟಿದ್ದನ್ನ ಅಸಿಟೋನ್ ಹತ್ತೀಲಿ ಉಜ್ಜಿ. ಹತ್ತಿ ಕಪ್ಪಾದ್ರೆ ಬೂದು ಕಲ್ಲಿಗೆ ಬಣ್ಣ ಕೊಟ್ಟಿದ್ದಾರೆ ಅಂತ ಅರ್ಥ. ಇನ್ನೊಂದು, ನೀರಿನ ಹನಿ ಬಿಟ್ಟು ಹತ್ತು ನಿಮಿಷ ನೋಡಿ. ಹನಿ ಕೆಳಗೆ ಕಲ್ಲು ಕಡುಬಣ್ಣಕ್ಕೆ ತಿರುಗಿದ್ರೆ ನೀರು ಕುಡೀತಿದೆ, ಸೀಲರ್ ಇಲ್ಲದೆ ಹಾಕಿಸಬೇಡಿ. ಎಣ್ಣೆ ಇಳಿದೇಬಿಟ್ರೆ ಅಡುಗೆ ಸೋಡಾ ನೀರಲ್ಲಿ ಕಲಸಿ ದಪ್ಪಗೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯೆಲ್ಲ ಬಿಡಿ. ಹಳೇ ಕಲೆಗೆ ಎರಡು ಮೂರು ಸಲ ಹಚ್ಚಬೇಕಾಗುತ್ತೆ.

ನಿಮ್ಮ ಅಳತೆಗೆ ಕಲ್ಲು ಬರೀ 7 ಚದರಡಿ. ಇಷ್ಟಕ್ಕೆ ಇಡೀ ಸ್ಲ್ಯಾಬ್ ಕೊಳ್ಳೋದು ದಂಡ. ದೊಡ್ಡ ಅಡುಗೆಮನೆ ಕೆಲಸದಲ್ಲಿ ಉಳಿದ ತುಂಡು ಎಲ್ಲ ಅಂಗಡಿ ಹಿಂದೆ ನಿಂತಿರುತ್ತೆ, ಕೇಳಿ. ಒಳ್ಳೇ ಕಲ್ಲು ಕಮ್ಮಿ ದುಡ್ಡಿಗೆ ಸಿಗುತ್ತೆ. ದುಡ್ಡು ಹೋಗೋದು ಕಲ್ಲಿಗಲ್ಲ, ತೂತು, ಅಂಚಿನ ಮೋಲ್ಡಿಂಗ್, ಫಿಟಿಂಗ್ ಇವಕ್ಕೆ.

18 ಎಂಎಂ ಗ್ರಾನೈಟ್ ಚದರಡಿಗೆ ಸುಮಾರು 4.5 ಕೆಜಿ, ಕಪ್ಪು ಜಾತಿ ಇನ್ನೂ ತೂಕ. ಅಂದ್ರೆ ನಿಮ್ಮ ಕಟ್ಟೆ 30 ಕೆಜಿ ದಾಟುತ್ತೆ, ಬೇಸಿನ್ ಬೇರೆ. ಜೊತೆಗೆ ವಯಸ್ಸಾದವರು ಏಳುವಾಗ ಅದರ ಮೇಲೇ ಭಾರ ಬಿಡ್ತಾರೆ. ಬರೀ ಕಬ್ಬಿಣದ ಆ್ಯಂಗಲ್ ನಂಬಬೇಡಿ, ಬಾತ್‌ರೂಮಲ್ಲಿ ತುಕ್ಕು ಹಿಡಿಯುತ್ತೆ. ಮೂಡಿಗೆರೆಯವರು ಹೇಳಿದ ಹಾಗೆ ಕಡಪ ಕಾಲು ಕೊಟ್ಟು, ಹಿಂದಿನ ಅಂಚು ಗೋಡೆಯೊಳಗೆ ಹೋಗೋ ಹಾಗೆ ಕೂರಿಸಿ. ಬೇಸಿನ್ ತೂತಿನ ಮುಂದೆ ಉಳಿಯೋ ಪಟ್ಟಿ ಸಣ್ಣದಾದ್ರೆ ಸಾಗಿಸುವಾಗಲೇ ಬಿರುಕು ಬಿಡುತ್ತೆ. ಅಲ್ಲಿ 3 ಇಂಚಾದ್ರೂ ಉಳಿಸಿ.

ಕೊನೇದಾಗಿ ಯಾರೂ ಕೇಳದ ಒಂದು ಕೆಲಸ. ಮುಂದಿನ ಅಂಚಿನ ತಳದಲ್ಲಿ, ಅರ್ಧ ಇಂಚು ಒಳಗೆ, ಉದ್ದಕ್ಕೂ ಒಂದು ಸಣ್ಣ ಗೆರೆ ಕೊರೆಸಿ. ಕಟ್ಟೆಯಿಂದ ಇಳಿದ ನೀರು ಕಲ್ಲಿನ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹೋಗುತ್ತೆ, ಆ ಗೆರೆ ಸಿಕ್ಕ ತಕ್ಷಣ ಅಲ್ಲೇ ಹನಿಯಾಗಿ ಉದುರುತ್ತೆ. ಕೆಳಗಿನ ಕಪಾಟು ಉಳಿಯೋದು ಇದರಿಂದ.

ಬೇಲೂರಿನಿಂದ:

ಅಣ್ಣ, ನಮ್ಮ ಗುಡಿ ಕಲ್ಲಲ್ಲಿ ಮಾಡಿಸಿದ್ರೆ? ಬಳಪದ ಕಲ್ಲು ಹೊರದೇಶದಲ್ಲಿ ಅಡುಗೆಮನೆ ಕಟ್ಟೆಗೆ ಹಾಕ್ತಾರಂತೆ.

ಬೇಲೂರು ರಸ್ತೆಯಿಂದ, ಕಲ್ಲು ಕಟಿಂಗ್ ಮತ್ತು ಪಾಲಿಶ್ ಕೆಲಸದವರು:

ಹಾಕ್ತಾರೆ, ಸುಳ್ಳಲ್ಲ. ಬಳಪದ ಕಲ್ಲು ನೀರು ಕುಡಿಯಲ್ಲ, ಹುಳಿಗೂ ಹೆದರಲ್ಲ. ಆದ್ರೆ ಮೆದು, ಸೋಪಿನ ಡಬ್ಬಿ ಎಳೆದ್ರೂ ಗೀರು ಬೀಳುತ್ತೆ. 1117ರ ಬೇಲೂರು ಗುಡಿಯ ಕಲ್ಲು ಅದೇ ಬಳಗದ್ದು, ಉಳಿಗೆ ಬಗ್ಗೋ ಜಾತಿ. ಅದಕ್ಕೇ ಅಲ್ಲಿ ಒಡವೆಯ ಎಳೆ ಎಳೆನೂ ಬಿಡಿಸೋಕಾಯ್ತು. ಅದೇ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟ್, ಹತ್ತನೇ ಶತಮಾನದ ಕೊನೆಯಿಂದ ಬಿಸಿಲು ಮಳೆಗೆ ಬಯಲಲ್ಲಿ ನಿಂತಿದೆ, ಮಹಾಮಸ್ತಕಾಭಿಷೇಕದಲ್ಲಿ ಹಾಲು, ಅರಿಶಿನ, ಗಂಧ ಎಲ್ಲ ಮೈಮೇಲೆ ಸುರೀತಾರೆ. ಕೆತ್ತನೆಗೆ ಬಳಪದ ಕಲ್ಲು, ಬಳಕೆಗೆ ಗ್ರಾನೈಟ್. ಇನ್ನೊಂದು, ಕಟ್ಟೆಗೆ ಬೇಕಾದ ಅಳತೆಯ ಬಳಪದ ಹಲಗೆ ನಮ್ಮ ಕಡೆ ಅಂಗಡೀಲಿ ಸಿಗೋದನ್ನ ನಾನಂತೂ ನೋಡಿಲ್ಲ.

ಹಾಸನದಿಂದ ಮತ್ತೊಬ್ಬರು:

ಮಾರ್ಬಲ್ ಪರ ಒಂದು ಮಾತು ನಾನೂ ಹೇಳ್ತೀನಿ. ಅತಿಥಿಗಳಿಗೆ ಅಂತ ಇಟ್ಟ ಬಾತ್‌ರೂಮಲ್ಲಿ ನಮ್ಮದು ಮಾರ್ಬಲ್ಲೇ, ಹೊಳಪಿಲ್ಲದ ಫಿನಿಶ್. ಹೊಳಪೇ ಇಲ್ಲದ್ರಿಂದ ಮಂಕು ಮಚ್ಚೆ ಅಷ್ಟು ಎದ್ದು ಕಾಣಲ್ಲ. ಆ ನಲ್ಲಿಗೆ ನಗರಸಭೆ ನೀರು, ಬಳಕೆನೂ ಕಮ್ಮಿ. ಮನೆಯವರ ಆಸೆ ಪೂರ್ತಿ ತಳ್ಳಿಹಾಕಬೇಡಿ, ಎರಡು ಬಾತ್‌ರೂಮ್ ಇದೆಯಲ್ಲ.

ಕೇಳಿದವರು, ಹಾಸನ:

ಎಲ್ಲರಿಗೂ ವಂದನೆ. ಮನೇಲಿ ಓದಿ ಹೇಳಿದೆ. ಅಮ್ಮ ಬಳಸೋ ಬಾತ್‌ರೂಮಿಗೆ ಕಾಳಿರೋ ಗ್ರಾನೈಟ್, ಕೆಳಗೆ ಖಾಲಿ. ಇನ್ನೊಂದಕ್ಕೆ ಬಿಳಿ ಕ್ವಾರ್ಟ್ಸ್, ಅಲ್ಲಿ ಕಿಟಕಿ ಉತ್ತರಕ್ಕಿದೆ, ನೇರ ಬಿಸಿಲಿಲ್ಲ. ಎತ್ತರ ಎಷ್ಟಿಡಲಿ ಅನ್ನೋದೊಂದು ಉಳಿದಿದೆ.

ಕಡೂರಿನಿಂದ:

ಬೇಸಿನ್ ಕಲ್ಲಿನ ಕೆಳಗೆ ಕೂರೋದಾದ್ರೆ ಕಟ್ಟೆ ಮೇಲ್ಮೈ ನೆಲದಿಂದ 32 ಇಂಚು ಸುಮಾರು. ಮೇಲೆ ಕೂರೋ ಬಟ್ಟಲಿನಾಕಾರದ ಬೇಸಿನ್ ಆದ್ರೆ ಅದರ ಎತ್ತರ ಕಳೆದು ಕಲ್ಲನ್ನ ಕೆಳಗಿಳಿಸಬೇಕು. ಇಲ್ಲಾಂದ್ರೆ ಕುಳ್ಳಗಿರೋರು ಮುಖ ತೊಳೆದಾಗ ನೀರೆಲ್ಲ ಮೊಣಕೈಗೆ ಇಳಿಯುತ್ತೆ. ಲೆಕ್ಕಕ್ಕಿಂತ ಒಳ್ಳೇ ದಾರಿ ಅಂದ್ರೆ, ಅಮ್ಮನ್ನೇ ಗೋಡೆ ಹತ್ರ ನಿಲ್ಲಿಸಿ, ಮುಖ ತೊಳೆಯೋ ಹಾಗೆ ಬಗ್ಗಿಸಿ, ಅವರ ಕೈ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅವರ ಬಾತ್‌ರೂಮಿನ ಕಟ್ಟೆ ಮೂಲೆ ಚೌಕ ಬೇಡ, ದುಂಡಗೆ ಕೊಯ್ಸಿ. ಸೊಂಟದ ಎತ್ತರಕ್ಕೆ ಬರೋ ಮೂಲೆ ಅದು.

ಬೇಸಿನ್ನು, ನಲ್ಲಿ ಎರಡನ್ನೂ ಮೊದಲು ಕೊಂಡು ತಂದು ಕಟಿಂಗ್‌ನವರ ಕೈಗೇ ಕೊಡಿ. ನಲ್ಲಿ ತೂತು ಸಾಮಾನ್ಯವಾಗಿ 35 ಎಂಎಂ, ಆದ್ರೂ ಅಳೆದೇ ಕೊರೆಸಿ. ಗೋಡೆ ಸೇರೋ ಕಡೆ ಅದೇ ಕಲ್ಲಿನ 4 ಇಂಚು ಪಟ್ಟಿ ನಿಲ್ಲಿಸಿ. ಸಂದಿಗೆ ಬೂಸಲು ತಡೆಯೋ ನ್ಯೂಟ್ರಲ್ ಸಿಲಿಕೋನ್ ಅಂಟು ಕೇಳಿ ತಗೊಳ್ಳಿ. ವಿನೆಗರ್ ವಾಸನೆ ಬರೋ ಅಗ್ಗದ ಟ್ಯೂಬ್ ಕಲ್ಲಿಗೆ ಬೇಡ. ಹೊಡೆದ ಮೇಲೆ ಪೂರ್ತಿ ಒಂದು ದಿನ ಆ ನಲ್ಲಿಯ ವಾಲ್ವ್ ಬಂದ್ ಮಾಡಿಸಿಡಿ, ಇಲ್ಲಾಂದ್ರೆ ಮನೇಲಿ ಯಾರಾದ್ರೂ ಮರೆತು ತಿರುಗಿಸೇ ತಿರುಗಿಸ್ತಾರೆ.